ಊಟಕ್ಕೆ ಕಾದ ಮೇಣದಬತ್ತಿ

ದುಬಾರಿ ಇಟಾಲಿಯನ್ ಹೋಟೆಲೊಂದರಲ್ಲಿ, ಅತಿಥಿಗಳು ಕೂತ ಕೂಡಲೇ ಮೇಜಿನ ಮೇಣದಬತ್ತಿ ಹೊತ್ತಿಸುವ ಪದ್ಧತಿಯಿತ್ತು. ಆ ಸಂಜೆ ವಾದಿರಾಜರೂ ಅವರ ಹೆಂಡತಿ ಸೌಗಂಧಿಕಾಳೂ ಬಂದು ಕೂತಾಗ ಪುಟ್ಟ ಬಟ್ಟಲಿನೊಳಗಿನ ಒಂದು ಗಿಡ್ಡ ಬತ್ತಿ ಹೊತ್ತಿಕೊಂಡಿತು. ಒಂದೇ ಒಂದು ಊಟಕ್ಕೆ ಬೆಳಕಾಗಿ ಮುಗಿದುಹೋದರೆ ಸಾಕು, ಅದಕ್ಕಿಂತ ಹೆಚ್ಚಿನ ಆಸೆ ಅದಕ್ಕಿರಲಿಲ್ಲ.

ಮುಕ್ಕಾಲು ಗಂಟೆ ಕಳೆಯಿತು. ವೇಟರ್ ಮಹಾಶಯ ಬಾಗಿಲಿಗೆ ಒರಗಿ ಹರಟುತ್ತಿದ್ದ. ಅಡುಗೆಮನೆಯ ಕಿಂಡಿಯಲ್ಲಿ ಪಾಸ್ತಾ ತಟ್ಟೆ ಬಿಸಿ ಕಲ್ಲಿನ ಮೇಲೆ ಆರಾಮವಾಗಿ ಕೂತಿತ್ತು.

"ಅಯ್ಯಾ, ಬೇಗ ಬಾ. ನಾನಾಗಲೇ ಅರ್ಧ ಕರಗಿದ್ದೇನೆ," ಎಂದಿತು ಬತ್ತಿ.

"ಹೊತ್ತು ತರುವವನು ಬರಲಿ. ನನ್ನಂಥ ರುಚಿಗೆ ಯಾರಾದರೂ ಕಾಯುತ್ತಾರೆ," ಎಂದಿತು ತಟ್ಟೆ.

"ನಿನ್ನ ಕೆಳಗೆ ಬಿಸಿ ಕಲ್ಲಿದೆ. ನನಗಿರುವುದು ಈ ಒಂದೆಳೆ ದಾರ."

"ಹಾಗಾದರೆ ಸಣ್ಣಗೆ ಉರಿ."

ಸೌಗಂಧಿಕಾ ಬತ್ತಿಯತ್ತ ಬಾಗಿದಳು. "ರೀ, ಪಾಪ, ಸುಮ್ಮನೆ ಉರೀತಿದೆ. ಊಟ ಬರೋ ತನಕ ಆರಿಸಿಡ್ಲಾ?"

"ಬೇಡ ಕಣೇ. ಇಂಥ ಕಡೆ ಹಾಗೆಲ್ಲ ಮಾಡಬಾರದು. ನೋಡಿದವರು ಏನಂದ್ಕೋತಾರೆ?"

ಊದಲು ಬಾಗಿದವಳು ಹಿಂದೆ ಸರಿದಳು. ಬತ್ತಿ ಖಾಲಿ ಮೇಜಿಗೆ ಬೆಳಕು ಕೊಡುತ್ತ ಕೊಡುತ್ತ ಬಟ್ಟಲಿನ ತಳ ಮುಟ್ಟಿ ಆರಿಹೋಯಿತು.

ಆಮೇಲೆ ತಟ್ಟೆ ಬಂತು. ವೇಟರ್ ಅದನ್ನು ಕುಕ್ಕಿ, ಬಟ್ಟಲಿಗಂಟಿದ್ದ ಮೇಣವನ್ನು ಚಾಕುವಿನಿಂದ ಕೆರೆದು ತೆಗೆದು, ಹೊಸ ಬತ್ತಿ ಹಚ್ಚಿದ.

ಮೊದಲ ತುತ್ತಿಗೇ ವಾದಿರಾಜರ ಕಣ್ಣುಗಳು ಮುಚ್ಚಿಕೊಂಡವು.

"ಆಹಾ! ಕಾದಿದ್ದೂ ಸಾರ್ಥಕ ಆಯ್ತು."