ಕರೆದರೂ ಬಾರದ ಪ್ರೋಗ್ರಾಂ

ವಿಮಾ ಕಚೇರಿಯ ಮೇನ್‌ಫ್ರೇಮ್ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದವಳು ಸುಗುಣ. ಅಂದು, ಪ್ರೋಗ್ರಾಂಗಳನ್ನು ಕರೆದು ಓಡಿಸುವ ಅವಳ ಸ್ಕ್ರಿಪ್ಟ್ ಎಷ್ಟು ಕರೆದರೂ ಬೋನಸ್ ಲೆಕ್ಕದ ಪ್ರೋಗ್ರಾಂ ಬರಲಿಲ್ಲ. ‘ಪ್ರೋಗ್ರಾಂ ಸಿಗಲಿಲ್ಲ’ ಎಂಬ ಎರರ್ ಮಾತ್ರ ಬಂತು.

ಮ್ಯಾನೇಜರ್ ಪುಂಡಲೀಕರಾಯರು ಗುಡುಗಿದರು. “ನಿನ್ನೆ ನಾನೇ ಎಲ್ಲ ಪ್ರೋಗ್ರಾಂಗಳನ್ನೂ ಹಳೇ ಜಾಗದಿಂದ ತೆಗೆದು ಕಂಪ್ಯೂಟರಿನಲ್ಲೇ ಹೊಸ ಲೈಬ್ರರಿಗೆ ಹಾಕಿ ಒಪ್ಪವಾಗಿಟ್ಟಿದ್ದೇನೆ. ತಪ್ಪು ನಿಮ್ಮದೇ! ಸಂಜೆಯೊಳಗೆ ಸರಿಹೋಗದಿದ್ದರೆ ನಿಮಗೆ ವರ್ಗಾವಣೆ!”

“ಆಗಲಿ ಸಾರ್. ಮೊದಲು ಒಂದು ಕಾಫಿ ತರಿಸಿ,” ಎಂದಳು ಸುಗುಣ.

ರಾಯರು ಪಕ್ಕದ ಕೋಣೆಯತ್ತ ತಿರುಗಿ, “ಕರಿಯಣ್ಣಾ!” ಎಂದು ಜವಾನನನ್ನು ಕೂಗಿದರು. ಉತ್ತರವಿಲ್ಲ. ಮತ್ತೆ ಕೂಗಿ ಕೂಗಿ ಮುಖ ಕೆಂಪಾಯಿತು.

“ಅವನನ್ನ ನೀವೇ ಆ ಕೋಣೆಯಿಂದ ಮೇಲಿನ ಮಹಡಿಗೆ ಹಾಕಿದಿರಲ್ಲ ಸಾರ್?”

“ಅಯ್ಯೋ, ಹೌದಲ್ಲ! ಇಲ್ಲಿ ಕೂಗಿದರೆ ಅವನಿಗೆ ಹೇಗೆ ಕೇಳುತ್ತೆ?”

“ನನ್ನ ಸ್ಕ್ರಿಪ್ಟೂ ಹಳೇ ಕೋಣೆ ಮುಂದೆನೇ ನಿಂತು ಕೂಗ್ತಿದೆ ಸಾರ್.”

ರಾಯರು ಕೆಮ್ಮಿದರು. ಮೆಲ್ಲಗೆ ಹೊಸ ಲೈಬ್ರರಿಯ ಹೆಸರು ಹೇಳಿದರು. ಸುಗುಣ ಅದನ್ನು ಸ್ಕ್ರಿಪ್ಟ್‌ನಲ್ಲಿ ಸೇರಿಸಿದ್ದೇ ತಡ, ಸ್ಕ್ರಿಪ್ಟ್ ಓಡಿತು.

ಕಾಫಿಗೆ ಮಾತ್ರ ರಾಯರೇ ಮೆಟ್ಟಿಲು ಹತ್ತಿದರು.