ಕಿವಿಗುಡ್ಡ

ರುಕ್ನಾಬಾದಿನ ಹಳೆಯ ಕೋಟೆಬಾಗಿಲು ದಾಟಿ ಪಡುವಣಕ್ಕೆ ಅರ್ಧ ಹರದಾರಿ ನಡೆದರೆ ಒಂದು ಬೋಳುಗುಡ್ಡ ಸಿಗುತ್ತದೆ. ಅದಕ್ಕೆ ಕಿವಿಗುಡ್ಡವೆಂದು ಹೆಸರು. ಕಿವಿಯಂಥ ಬಂಡೆ ಎಲ್ಲಿದೆಯೆಂದು ಹುಡುಕಿಕೊಂಡು ಹತ್ತಿದವರು ಪೆಚ್ಚಾಗಿ ಇಳಿಯುತ್ತಾರೆ, ಅಂಥದ್ದು ಅಲ್ಲಿಲ್ಲ. ಇರುವುದು ಎರಡೇ ಕಲ್ಲು. ಕೂತು ಕೂತು ಸವೆದ ಒಂದು ಕರಿಕಲ್ಲಿನ ಪೀಠ, ಅದರ ಬೆನ್ನ ಹಿಂದೆ ಇಪ್ಪತ್ತು ಹೆಜ್ಜೆ ದೂರದಲ್ಲಿ ಒಂದು ಚಪ್ಪಡಿ. ಅಲ್ಲಿಂದ ನೋಡಿದರೆ ಊರ ನಡುವಿನ ದೊಡ್ಡ ಮದರಸಾದ ಮಿನಾರು ಕಾಣುತ್ತದೆ. ಗುಡ್ಡದ ಹೆಸರು ಹುಟ್ಟಿದ್ದು ಆ ಮದರಸಾದ ಒಬ್ಬ ಗುರುವಿನ ಹೆದರಿಕೆಯಿಂದ.

ಹಿಂದೆ ಒಮ್ಮೆ, ಸುಲ್ತಾನರ ಕಾಲದಲ್ಲಿ, ಅಲ್ಲಿಗೆ ಕಡಲಾಚೆಯಿಂದಲೂ ವಿದ್ಯಾರ್ಥಿಗಳು ಬರುತ್ತಿದ್ದರು ಎನ್ನುತ್ತಾರೆ. ಒಂದೊಂದು ಕಂಬದ ಬುಡದಲ್ಲಿ ಒಬ್ಬ ಉಸ್ತಾದರು ಕೂತು ಪಾಠ ಹೇಳುವುದು ಅಲ್ಲಿನ ಪದ್ಧತಿ. ‘ನೀನು ಯಾವ ಕಂಬದವನು?’ ಎಂದು ಕೇಳಿದರೆ ಸಾಕು, ಹುಡುಗನ ಓದಿನ ಕುಲಗೋತ್ರವೆಲ್ಲ ತಿಳಿಯುತ್ತಿತ್ತು. ವಿದ್ಯಾರ್ಥಿ ಗ್ರಂಥವನ್ನು ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದಬೇಕು. ಉಸ್ತಾದರು ಪುಸ್ತಕ ಮುಟ್ಟದೆ ಕೇಳಬೇಕು, ತಪ್ಪಿದಲ್ಲಿ ತಡೆಯಬೇಕು. ತಡೆಯುವ ಹಕ್ಕು ಅವರೊಬ್ಬರದೇ. ಓದು ಮುಗಿದ ಮೇಲೆ, ‘ನಾನು ನನ್ನ ಗುರುವಿನ ಎದುರು ಓದಿದಂತೆ ಇವನು ನನ್ನ ಎದುರು ಓದಿದ, ನಾನು ಕೇಳಿದೆ’ ಎಂದು ಬರೆದು ಮೊಹರು ಒತ್ತಿ ಸನದು ಕೊಡುತ್ತಿದ್ದರು. ಆ ಸನದು ಹಿಡಿದು ಹೋದವನೇ ಮುಂದೆ ಯಾವುದೋ ಊರಿನಲ್ಲಿ ಕಾಜಿಯಾಗಿ ನ್ಯಾಯ ಹೇಳುವವನು.

ಏಳನೆಯ ಕಂಬದ ಫಸೀಹುದ್ದೀನ್ ಉಸ್ತಾದರಿಗೆ ನ್ಯಾಯದ ಗ್ರಂಥ ಪೂರ್ತಿ ಬಾಯಿಪಾಠ. ಆದರೆ ಎರಡು ವರ್ಷದಿಂದ ಅವರಿಗೆ ಕಿವಿ ಕೇಳುತ್ತಿರಲಿಲ್ಲ, ಅದನ್ನು ಯಾರಿಗೂ ಹೇಳಿರಲಿಲ್ಲ. ಮಿನಾರಿನ ಪಾರಿವಾಳಗಳು ಎದ್ದು ಹಾರಿದರೆ ಅಜಾನ್ ಆಯಿತೆಂದು ತಿಳಿಯುತ್ತಿದ್ದರು. ಓದುವವರ ತುಟಿ ನೋಡಿಯೇ ಪಾಠ ಹಿಡಿದು, ಏಳು ಜನರಿಗೆ ‘ನಾನು ಕೇಳಿದೆ’ ಎಂದು ಬರೆದುಕೊಟ್ಟಿದ್ದರು. ಜಾಣತನವೇನೋ ದೊಡ್ಡದೇ, ಆದರೆ ಅದಕ್ಕೆ ಅವರು ನೆಮ್ಮದಿಯನ್ನೇ ತೆತ್ತಿದ್ದರು. ಬೆನ್ನ ಹಿಂದಿನಿಂದ ಯಾರು ಕರೆದುಬಿಡುತ್ತಾರೋ ಎಂಬ ದಿಗಿಲಿನಲ್ಲಿ ಮದುವೆ ಮನೆಯಲ್ಲೂ ಗೋಡೆಗೆ ಬೆನ್ನು ಕೊಟ್ಟೇ ಕೂರುತ್ತಿದ್ದರು. ಕಂಬ ಹೋದರೆ ಬದುಕಿನಲ್ಲಿ ತನ್ನದೆನ್ನುವುದು ಏನು ಉಳಿದೀತು ಎಂಬುದೇ ಅವರ ಚಿಂತೆ.

ಆ ವರ್ಷ ಅವರ ಕಂಬಕ್ಕೆ ಯಹ್ಯಾ ಎಂಬ ತರುಣ ಬಂದ. ಬುದ್ಧಿ ಚುರುಕು, ದೃಷ್ಟಿ ಮಂದ. ಓದಲು ಕೂತರೆ ಮುಖವನ್ನು ಪುಸ್ತಕದೊಳಗೆ ಹುದುಗಿಸಿಬಿಡುತ್ತಿದ್ದ. ಅವನ ತುಟಿ ಕಾಣದೆ ಉಸ್ತಾದರು ಅಂದಾಜಿನ ಮೇಲೆ ತಲೆಯಾಡಿಸುತ್ತ ಹೋದರು. ಒಂದು ದಿನ ಪಾಠದ ನಡುವೆ ನಲವತ್ತು ತಲೆಗಳು ಒಟ್ಟಿಗೇ ಎದ್ದು ಅವರತ್ತ ನೋಡಿದವು. ಏನೆಂದು ತಿಳಿಯದೆ ಉಸ್ತಾದರು ‘ಹೂಂ, ಮುಂದೆ’ ಎಂದರು. ತಲೆಗಳೆಲ್ಲ ತಗ್ಗಿದವು.

ಎಂಟು ದಿನದ ಮೇಲೆ ವಿದ್ಯಾರ್ಥಿಯೊಬ್ಬನ ಪ್ರತಿಯನ್ನು ತಿರುವುತ್ತಿದ್ದಾಗ ಒಂದು ಸಾಲಿನ ಮೇಲೆ ಮಸಿಯ ಗೀಟು ಕಂಡಿತು. ಗಂಡ ಸತ್ತವಳನ್ನು ನಾಲ್ಕು ತಿಂಗಳು ಹತ್ತು ದಿನದ ಇದ್ದತ್ತು, ಅಂದರೆ ಶೋಕದ ಗಡುವು, ಮುಗಿಯುವ ಮೊದಲು ಅವನ ಮನೆಯಿಂದ ಹೊರಹಾಕಕೂಡದು ಎಂಬ ಸಾಲು ಅದು. ಇನ್ನೊಬ್ಬನ ಪ್ರತಿ ತೆಗೆದರೆ ಅಲ್ಲಿಯೂ ಗೀಟು, ಮತ್ತೊಬ್ಬನದರಲ್ಲೂ ಗೀಟು. ಯಾಕೆಂದು ಕೇಳಿದಾಗ ಆ ವಿದ್ಯಾರ್ಥಿ ಕೈ ಕಟ್ಟಿಕೊಂಡು, “ಯಹ್ಯಾ ಆ ಸಾಲು ಬಿಟ್ಟು ಓದಿದ್ನರಿ ಹಜರತ್. ತಾವು ತಡೀಲಿಲ್ಲ. ನಮ್ಮ ಪ್ರತಿಯೊಳಗೇ ತಪ್ಪದ ಅಂತ ಎಲ್ಲಾರೂ ಹೊಡದು ಹಾಕೀವಿ” ಎಂದ.

ಮನೆಗೆ ಬಂದ ಉಸ್ತಾದರು ಊಟದ ತಟ್ಟೆ ಸರಿಸಿಬಿಟ್ಟರು. ತನ್ನ ಒಂದು ‘ಹೂಂ’ನಿಂದ ಎಷ್ಟು ಊರಿನಲ್ಲಿ ಎಷ್ಟು ಹೆಂಗಸರು ಬೀದಿಗೆ ಬಿದ್ದಾರು? ಬರುವ ಶುಕ್ರವಾರ ಯಹ್ಯಾನಿಗೆ ಸನದು. ಬಂದರಿನ ಊರೊಂದು ಅವನನ್ನು ಕಾಜಿಯಾಗಿ ಕರೆದೊಯ್ಯಲು ಆಗಲೇ ಪಲ್ಲಕ್ಕಿ ಕಳಿಸಿತ್ತು. ಹೆಂಡತಿ ಜುಲೇಖಾಬಿ ಎದುರಿಗೆ ಕೂತಳು. ಉಸ್ತಾದರು ಕಷ್ಟಪಟ್ಟು, “ನನಗ ಕಿವಿ ಕೇಳಸೂದಿಲ್ಲ” ಎಂದರು.

“ಎರಡು ವರ್ಷದಿಂದ ನಿಮ್ಮ ಮುಂದ ಬಂದು ಕುಂತೇ ಮಾತಾಡ್ಲಿಕತ್ತೀನಿ. ಯಾಕಂತ ಒಂದಿನನಾರ ಕೇಳೀರೇನು?” ಎಂದಳು ಆಕೆ. “ನಾಳೆ ನೀವು ಹೋಗಿಬಿಟ್ರ ನಾನೂ ಗಂಡ ಸತ್ತಾಕಿನೇ. ಆ ಸಾಲು ಮೊದಲ ಬರೀರಿ.”

ಸನದು ಕೊಡುವ ದಿನ ಊರಿಗೆ ಊರೇ ಸೇರುತ್ತಿದ್ದುದರಿಂದ ಸಮಾರಂಭ ಈ ಗುಡ್ಡದ ಮೇಲೆ ನಡೆಯುತ್ತಿತ್ತು. ಮದರಸಾದ ಹಿರಿಯರೆಲ್ಲ ಕೂತಿದ್ದಾಗ ಫಸೀಹುದ್ದೀನರು ಕರಿಕಲ್ಲಿನ ಮೇಲೆ ಜನರಿಗೆ ಬೆನ್ನು ಮಾಡಿ ಕೂತರು. ಹಿಂದೆ ಇಪ್ಪತ್ತು ಹೆಜ್ಜೆ ದೂರ ನಿಂತು ಆ ಸಾಲಿರುವ ಪುಟ ಓದೆಂದು ಯಹ್ಯಾನಿಗೆ ಮೊದಲೇ ಹೇಳಿದ್ದರು. ಅವನು ಓದಿದ, ಓದಿ ಮುಗಿಸಿ ಸುಮ್ಮನಾದ. ಉಸ್ತಾದರು ಕದಲಲಿಲ್ಲ. ಜನ ಮುಖ ಮುಖ ನೋಡಿಕೊಂಡರು. ಕಡೆಗೆ ಅವನೇ ಹೋಗಿ ಭುಜ ಮುಟ್ಟಬೇಕಾಯಿತು.

“ಓದಿ ಮುಗಿಸಿದೇನಪ್ಪ?” ಎಂದು ಎದ್ದು ತಿರುಗಿದರು. “ಎಲ್ಲಾರೂ ನೋಡಿದ್ರಲ್ಲ? ನನಗ ಒಂದಕ್ಷರನೂ ಕೇಳಿಲ್ಲ. ಕೇಳೀನಿ ಅಂತ ಬರದದ್ದು ಸುಳ್ಳು.” ದನಿ ನಡುಗುತ್ತಿತ್ತು, ಎಷ್ಟು ನಡುಗುತ್ತಿದೆಯೆಂದು ಅವರಿಗೆ ಮಾತ್ರ ಗೊತ್ತಾಗುತ್ತಿರಲಿಲ್ಲ. ಮೊಹರನ್ನು ಹಿರಿಯರ ಮುಂದಿಟ್ಟರು. ಏಳು ಸನದುಗಳನ್ನು ವಾಪಸು ತರಿಸಿ, ಆ ಏಳು ಮಂದಿಯ ಜೊತೆ ಯಹ್ಯಾನ ಓದನ್ನೂ ಬೇರೆ ಕಂಬದಲ್ಲಿ ಹೊಸದಾಗಿ ಕೇಳಬೇಕೆಂದು ಬೇಡಿಕೊಂಡರು. ಪಲ್ಲಕ್ಕಿ ಬರಿದಾಗಿಯೇ ಹಿಂದಿರುಗಿತು. ಪೇಟೆಯ ಪೋಕರಿಗಳು ಕಿವಿ ಕಳಕೊಂಡವರ ಗುಡ್ಡವೆಂದು ಆಡಿಕೊಂಡು ನಕ್ಕರು. ನಗೆ ಸವೆದು ಕಿವಿಗುಡ್ಡ ಉಳಿಯಿತು. ಫಸೀಹುದ್ದೀನರು ಕಂಬ ಬಿಟ್ಟು, ನಲವತ್ತು ಪ್ರತಿಗಳಲ್ಲೂ ಆ ಸಾಲನ್ನು ತಮ್ಮ ಕೈಯಾರೆ ಕೆಂಪು ಮಸಿಯಲ್ಲಿ ಬರೆದು ಮುಗಿಸಿದರು ಎನ್ನುತ್ತಾರೆ.

ಅಂಥ ಒಂದು ಪ್ರತಿಯನ್ನು ಮದರಸಾದ ಪುಸ್ತಕದ ಕೋಣೆಯಲ್ಲಿ ಇಂದಿಗೂ ಕೇಳಿದವರಿಗೆ ತೋರಿಸುತ್ತಾರೆ. ಪ್ರತಿ ವರ್ಷ ಪಾಠ ಶುರುವಾಗುವ ಮೊದಲು ಉಸ್ತಾದರೆಲ್ಲ ಗುಡ್ಡ ಹತ್ತುತ್ತಾರೆ. ಒಬ್ಬೊಬ್ಬರಾಗಿ ಬೆನ್ನು ಮಾಡಿ ಕರಿಕಲ್ಲಿನ ಮೇಲೆ ಕೂರುತ್ತಾರೆ. ಹೊಸ ವಿದ್ಯಾರ್ಥಿಯೊಬ್ಬ ಚಪ್ಪಡಿಯ ಮೇಲೆ ನಿಂತು ಓದುತ್ತ, ಅದೇ ಸಾಲನ್ನು ಬೇಕೆಂದೇ ಬಿಡುತ್ತಾನೆ; ಎಲ್ಲಿಂದ ಓದಲು ತೊಡಗುತ್ತಾನೆಂದು ಮೊದಲೇ ಹೇಳುವುದಿಲ್ಲ. ಉಸ್ತಾದರ ಮನೆಯವರು ಕೆಳಗೆ ಬೇವಿನ ಮರದಡಿ ನಿಂತಿರುತ್ತಾರೆ. ಕಲ್ಲಿನ ಮೇಲಿನ ಮುದುಕರು ತಿರುಗಿ ‘ತಡಿ’ ಎನ್ನುವವರೆಗೆ ಅವರಲ್ಲಿ ಒಬ್ಬರೂ ಕೆಮ್ಮುವುದಿಲ್ಲ.