ಹಂಡೆಯ ಶುದ್ಧ ನೀರು

ಕಡಲಪಾಚಿಯನ್ನು ಕುದಿಸಿ ಔಷಧದ ಸತ್ವ ತೆಗೆಯುವ ಹಂಡೆಯೊಂದು ದಡದಲ್ಲಿ ಕೂತು, "ನಾನು ಪರಿಸರಸ್ನೇಹಿ. ರಾಸಾಯನಿಕ ಮುಟ್ಟುವುದಿಲ್ಲ, ಬರೀ ಶುದ್ಧ ನೀರು!" ಎಂದು ಬೀಗುತ್ತಿತ್ತು.

ಬಂಡೆಯ ಪಾಚಿಯ ಮರೆಯಲ್ಲಿ ಮರಿಗಳನ್ನು ಸಾಕುತ್ತಿದ್ದ ತಾಯಿ ಏಡಿಗೆ ಮೈಯೆಲ್ಲ ಉರಿಯಿತು. "ಹಂಡೆರಾಯರೇ, ನಿಮ್ಮ ಆಳುಗಳು ಪಾಚಿಯನ್ನು ಬುಡಸಮೇತ ಕೀಳುತ್ತಿದ್ದಾರೆ. ಬುಡವೆಂದರೆ ಅದು ಬಂಡೆಯನ್ನು ಹಿಡಿದಿರುವ ಕೈ. ಬುಡ ಬಿಟ್ಟು ಕೊಯ್ದರೆ ಮತ್ತೆ ಚಿಗುರುತ್ತದೆ, ನನ್ನ ಮರಿಗಳೂ ಉಳಿಯುತ್ತವೆ. ಅವರಿಗೆ ಹೇಳಿ!"

"ಕೀಳುವುದು ಅವರ ಕೆಲಸ. ನನ್ನ ಬಾಯಿಗೆ ಬಿದ್ದ ಮೇಲಿನದಷ್ಟೇ ನನ್ನ ಜವಾಬ್ದಾರಿ," ಎಂದಿತು ಹಂಡೆ.

ಬಂಡೆ ಬೋಳಾಯಿತು. ಮರೆ ತಪ್ಪಿದ ಮರಿಗಳನ್ನು ಅಲೆ ಕೊಚ್ಚಿಕೊಂಡು ಹೋಯಿತು.

ಮುಂದಿನ ಕೊಯ್ಲಿನ ಹೊತ್ತಿಗೆ ನೀರು ಕುದಿಯಿತು, ಹಾಕಲು ಪಾಚಿಯೇ ಇರಲಿಲ್ಲ. "ಪಾಚಿ ಎಲ್ಲಿ? ಪಾಚಿ ತನ್ನಿ!" ಎಂದು ಹಂಡೆ ಅರಚಿತು.

ಬೋಳುಬಂಡೆಯ ಮೇಲಿಂದ ಏಡಿ ಕೂಗಿ ಹೇಳಿತು: "ಯಾಕೋ ಅರಚುತ್ತೀಯ? ನಿನ್ನೊಳಗೆ ಈಗ ಬರೀ ಶುದ್ಧ ನೀರೇ ಇದೆಯಲ್ಲ!"